ಮದರ್ ಸುಪೀರಿಯರ್ ಕುಡಿದ ಔಷಧ

ಟಿಕಿ ಟಿಕಿ ಟಿಕಿ ಟಿಕಿ. ಸಡಾ ಗುಡ್ಡದ ಏರು ಶುರುವಾಗಿ, ಇವರು ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸಲೋ ಬೇಡವೋ ಎಂದು ಯೋಚಿಸುತ್ತಿರುವಾಗ ನಮ್ಮ ಕಾರಿನ ಹೊಟ್ಟೆಯೊಳಗಿಂದ ಬರುತ್ತಿದ್ದ ಸದ್ದು ಅದು. ಸ್ಟೀಲಿನ ಡಬ್ಬಿಯಲ್ಲಿ ನಾಲ್ಕು ಗುಲಗಂಜಿ ಹಾಕಿ ಅಲ್ಲಾಡಿಸಿದರೆ ಹೇಗೆ ಕೇಳುತ್ತದೆಯೋ, ಎಕ್ಸಾಕ್ಟ್ಲಿ ಹಾಗೆ. ಇವರು ಕೂಡಲೇ ಒಂದು ಕಿವಿ ಓರೆ ಮಾಡಿ, ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟ ಡಾಕ್ಟರ ಮುಖ ಮಾಡುತ್ತಿದ್ದರು.

"ಕೇಳಿಸ್ತೇನು ಪಮೀ? ನಾಕಿಂಗ್."

"ಕಮ್ ಇನ್ ಅನ್ರಿ ಮತ್ತ," ಎನ್ನುತ್ತಿದ್ದೆ ನಾನು.

ಈ ಜೋಕನ್ನು ಆ ಏರಿನಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಇವರು ಒಂದು ಸಲವೂ ನಕ್ಕಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಇದೆಲ್ಲ ಈಗ ಯಾಕೆ ಬಂತು ಅಂತೀರಾ? ನಿನ್ನೆ ಕೊಬ್ಬರಿ ಎಣ್ಣೆಯನ್ನು ದೊಡ್ಡ ಡಬ್ಬಿಯಿಂದ ಬಾಟಲಿಗೆ ಹಾಕಲು ಹಳೆಯ ತಗಡಿನ ಆಲಿಕೆಯನ್ನು ಹುಡುಕಿ ತೆಗೆದೆ. ಎಷ್ಟೋ ವರ್ಷ ಅಟ್ಟದ ಮೇಲಿದ್ದದ್ದು. ಸೀಗೆಪುಡಿ ಹಾಕಿ ಎರಡು ಸಲ ತಿಕ್ಕಿದರೂ ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ವಾಸನೆ. ನನ್ನ ಭ್ರಮೆಯೂ ಇರಬಹುದು. ವಯಸ್ಸಾದ ಮೇಲೆ ಮೂಗು ಕೂಡ ತನಗೆ ಬೇಕಾದ್ದನ್ನೇ ಮೂಸುತ್ತದೆ. ಕೊಬ್ಬರಿ ಎಣ್ಣೆಯ ಕೆಲಸ ಅಲ್ಲಿಗೆ ನಿಂತಿತು. ನಾನು ಆಲಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಕಾರಿನಿಂದಲೇ ಶುರುಮಾಡುತ್ತೇನೆ. ಇವರಿಗೆ ಬಂದರಿನ ಆಫೀಸಿನಲ್ಲಿ ಕೆಲಸ. ನಾವಿದ್ದದ್ದು ಗೋವಾದಲ್ಲಿ, ವಾಸ್ಕೋದ ಸಡಾ ಗುಡ್ಡದ ಮೇಲೆ, ಕ್ವಾರ್ಟರ್ಸಿನಲ್ಲಿ. ಎರಡು ಸಾವಿರದ ಇಸವಿ ಆಗಷ್ಟೇ ಬಂದಿತ್ತು. ಪಕ್ಕದ ಮನೆಯವರು ನಿವೃತ್ತಿಯಾಗಿ ಊರಿಗೆ ಹೊರಟಾಗ ತಮ್ಮ ಬಿಳಿ ಕಾರನ್ನು ನಮಗೆ ಕೊಟ್ಟುಹೋದರು. ಕನ್ನಡಿಗೆ ನೇತುಹಾಕಿದ್ದ ಶಿಲುಬೆಯ ಜಪಸರವನ್ನು ಅವರು ಬಿಚ್ಚಲಿಲ್ಲ, ನಾವೂ ಬಿಚ್ಚಲಿಲ್ಲ. ಇವರು ಅದರ ಕೆಳಗೆ ಒಂದು ಗಣಪತಿಯನ್ನು ಅಂಟಿಸಿದರು, ಅಷ್ಟೆ. ಬಿಳಿ ಕಾರು ಎಂದೆನಲ್ಲ, ಅದು ಆರ್‌ಸಿ ಪುಸ್ತಕದಲ್ಲಿ. ಬಂದರಿನಲ್ಲಿ ಅದಿರು ತುಂಬುವಾಗ ಏಳುವ ಕೆಂಪು ಧೂಳು ಗಾಳಿ ತಿರುಗಿದರೆ ನಮ್ಮ ಗುಡ್ಡಕ್ಕೇ ಬರುತ್ತಿತ್ತು. ಒಗೆದ ಬಟ್ಟೆ, ಹಪ್ಪಳ, ತುಳಸಿ, ಕಾರು, ಎಲ್ಲಕ್ಕೂ ಒಂದೇ ಬಣ್ಣ.

ಆ ಕಾರಿಗೆ ಹೆಸರಿಟ್ಟವಳು ನಾನು. ಬೆಳಗ್ಗೆ ಚೋಕ್ ಎಳೆದು ಕೀ ತಿರುಗಿಸಿದರೆ ಅದು ಎರಡು ಸಲ ಕೆಮ್ಮುತ್ತಿತ್ತು. ಆಮೇಲೆ ಒಂದು ಕ್ಷಣ ಮೌನ. ಆಮೇಲೆಯೇ ಸ್ಟಾರ್ಟು. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಾನಿದ್ದಾಗ ನಮ್ಮ ಮದರ್ ಸುಪೀರಿಯರ್ ಸ್ಟಡಿ ಹಾಲಿಗೆ ಬರುವ ಮೊದಲು ಬಾಗಿಲಾಚೆ ನಿಂತು ಹೀಗೆಯೇ ಎರಡು ಸಲ ಕೆಮ್ಮುತ್ತಿದ್ದರು. ಹುಣಿಸೆಹಣ್ಣು, ಸಿನಿಮಾ ನಟರ ಫೋಟೋ, ಪುಸ್ತಕದೊಳಗಿನ ಇನ್ನೊಂದು ಪುಸ್ತಕ, ಎಲ್ಲವನ್ನೂ ಅಡಗಿಸಲು ಆ ಕೆಮ್ಮು ನಮಗೆ ಸಾಕಷ್ಟು ಟೈಮ್ ಕೊಡುತ್ತಿತ್ತು. ಅವರಿಗೆ ಕೆಮ್ಮು ಇರಲೇ ಇಲ್ಲ, ಅದು ಕರುಣೆ ಎಂದು ನನಗೆ ತಿಳಿಯುವಷ್ಟರಲ್ಲಿ ನನಗೇ ಮಕ್ಕಳಾಗಿದ್ದವು. ಹಾಗಾಗಿ ಕಾರು ಮದರ್ ಸುಪೀರಿಯರ್. ಇವರಿಗೆ ಈ ಹೆಸರು ಹಿಡಿಸಲಿಲ್ಲ. ಆದರೆ ಒಂದು ತಿಂಗಳಲ್ಲಿ ಇವರೇ ಬೆಳಗ್ಗೆ ಎದ್ದು, "ಮದರ್ ಎದ್ದಾಳೇನು ನೋಡ್ತೀನಿ" ಎನ್ನತೊಡಗಿದರು.

ಇವರದೊಂದು ಸ್ವಭಾವ ಹೇಳಿಬಿಡಬೇಕು. ಇವರು ಬಾಟಲಿಯ ಮೇಲೆ ಬರೆದದ್ದನ್ನು ನಂಬುವ ಮನುಷ್ಯ. ಕೂದಲ ಎಣ್ಣೆಯಿರಲಿ, ಕೆಮ್ಮಿನ ಸಿರಪ್ಪಿರಲಿ, ಚಾಳೀಸು ಹಾಕಿಕೊಂಡು ಲೇಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ತಲೆಯಾಡಿಸಿ, "ಏನ್ ಬರದಾರ ನೋಡು" ಎನ್ನುವವರು. ಅದರಲ್ಲೂ ಇಂಗ್ಲಿಷಿನಲ್ಲಿ ಬರೆದಿದ್ದರೆ ಮುಗಿದೇ ಹೋಯಿತು. ನಾನು ಇಂಗ್ಲಿಷನ್ನು ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ಒಳ್ಳೆಯ ಇಂಗ್ಲಿಷಿನಲ್ಲಿ ಎಂಥೆಂಥ ಸುಳ್ಳು ಹೇಳಬಹುದು ಎಂಬುದು ಬೋರ್ಡಿಂಗಿನ ಹುಡುಗಿಯರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಾರದು.

ಇಂಥವರ ಕೈಗೆ ಒಂದು ದಿನ ಒಂದು ಸಣ್ಣ ಬಾಟಲಿ ಬಂತು. ಫ್ಯುಯೆಲ್ ಸಿಸ್ಟಮ್ ಕ್ಲೀನರ್. ಪೆಟ್ರೋಲ್ ಟ್ಯಾಂಕಿಗೆ ಸುರಿದರೆ ಸಾಕು: ಒಳಗಿನ ಮಸಿಯೆಲ್ಲ ತೊಳೆದುಹೋಗುತ್ತದೆ, ಮೈಲೇಜ್ ಏರುತ್ತದೆ, ನಾಕಿಂಗ್ ನಿಲ್ಲುತ್ತದೆ, ಇಂಜಿನ್ನಿಗೆ ಹೊಸ ಜೀವ ಬರುತ್ತದೆ. ಇವರು ಎರಡು ಸಲ ಓದಿದರು. ಎರಡನೆಯ ಸಲ ನನಗಾಗಿ, ಗಟ್ಟಿಯಾಗಿ.

ನನಗೆ ನೆನಪಾದದ್ದು ಔಡಲೆಣ್ಣೆ. ಧಾರವಾಡದ ನಮ್ಮ ಅಜ್ಜಿಯ ಮನೆಯಲ್ಲಿ ತಿಂಗಳಿಗೊಂದು ರವಿವಾರ ಮೊಮ್ಮಕ್ಕಳ ಹೊಟ್ಟೆ ತೊಳೆಯುವ ದಿನ. ಬಿಸಿ ಶುಂಠಿ ಕಷಾಯದಲ್ಲಿ ಔಡಲೆಣ್ಣೆ, ಮೇಲೆ ಚೀಪಲಿಕ್ಕೆ ನಿಂಬೆಯ ಹೋಳು. ಆಮೇಲೆ ಇಡೀ ದಿನ ಹಿತ್ತಲಿನ ಒಂದೇ ಬಾಗಿಲಿನ ಮುಂದೆ ಒಂಬತ್ತು ಮಂದಿಯ ಸಾಲು. ಬೋರ್ಡಿಂಗಿಗೆ ಹೋದಮೇಲಾದರೂ ತಪ್ಪೀತು ಎಂದುಕೊಂಡರೆ ಅಲ್ಲಿಯೂ ಅದೇ. ಶನಿವಾರ ಸಂಜೆ ಇನ್‌ಫರ್ಮರಿಯ ಸಿಸ್ಟರ್ ದೊಡ್ಡ ಚಮಚ ಹಿಡಿದು ವರಾಂಡದಲ್ಲಿ ನಿಲ್ಲುತ್ತಿದ್ದರು. "ಓಪನ್. ಸ್ವಾಲೋ. ನೆಕ್ಸ್ಟ್." ನಾನು ಓಪನ್ ಮಾಡುತ್ತಿದ್ದೆ, ಸ್ವಾಲೋ ಮಾಡುತ್ತಿರಲಿಲ್ಲ. ಕೆನ್ನೆಯೊಳಗೆ ಹಿಡಿದುಕೊಂಡು ಗಂಭೀರವಾಗಿ ನಡೆದುಹೋಗಿ ಮೂಲೆಯ ದಾಸವಾಳದ ಬುಡಕ್ಕೆ ಉಗುಳುತ್ತಿದ್ದೆ. ವರ್ಷವಿಡೀ. ವಿಸಿಟಿಂಗ್ ಡೇಗೆ ಅವ್ವ ಬಂದಾಗ ಸಿಸ್ಟರ್ ನನ್ನ ಗಲ್ಲ ಹಿಡಿದು ತೋರಿಸಿದರು: "ಲುಕ್ ಅಟ್ ಹರ್ ಚೀಕ್ಸ್! ಆಲ್ ಬಿಕಾಸ್ ಆಫ್ ದಿ ಆಯಿಲ್." ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಕಣ್ಣಲ್ಲಿ ನೀರು ತಂದುಕೊಂಡು ಸಿಸ್ಟರಿಗೆ ಕೈಮುಗಿದಳು. ನಾನು ದಾಸವಾಳದ ಗಿಡದ ಕಡೆ ನೋಡುತ್ತ ನಿಂತಿದ್ದೆ. ಅದು ಆ ವರ್ಷ ಭರ್ತಿ ಹೂ ಬಿಟ್ಟಿತ್ತು ಎಂಬುದನ್ನೂ ಹೇಳಬೇಕು, ಟು ಬಿ ಫೇರ್.

ಎಲ್ಲಿಗೋ ಹೋದೆ. ಯಮನಪ್ಪನ ವಿಷಯಕ್ಕೆ ಬರಬೇಕು. ಖರೇ ಹೇಳಬೇಕೆಂದರೆ ನಾನು ಬರೆಯಲು ಕುಳಿತದ್ದು ಕಾರಿನ ಬಗ್ಗೆ ಅಲ್ಲ, ಅವನ ಬಗ್ಗೆಯೇ.

ಯಮನಪ್ಪ ನಮ್ಮ ಮೆಕ್ಯಾನಿಕ್. ಬಾಗಲಕೋಟೆಯ ಕಡೆಯವನು. ಅವನಪ್ಪ ಬಂದರಿನಲ್ಲಿ ಮೂಟೆ ಹೊರಲು ಬಂದಾಗ ಅವ್ವನ ಸೊಂಟದ ಮೇಲೆ ಕುಳಿತು ಗೋವಾಕ್ಕೆ ಬಂದವನು. ಬಾಯ್ನಾದ ಸಮುದ್ರದಂಡೆಯ ವಸ್ತಿಯಲ್ಲಿ ಮನೆ. ಮನೆಯ ಪಕ್ಕದಲ್ಲಿ ನಾಲ್ಕು ಕಂಬ, ಒಂದು ತಾಡಪಾಲು, ಇಂಜಿನ್ ಎತ್ತಲು ತೆಂಗಿನ ಮರಕ್ಕೆ ಕಟ್ಟಿದ ಒಂದು ಚೈನು. ಅದು ಗ್ಯಾರೇಜು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದ. ಕೇಳಿ, ಏನಿದೆಯೋ ಅದನ್ನು ಹೇಳುತ್ತಿದ್ದ. ಏನೂ ಇಲ್ಲದಿದ್ದರೆ "ಏನೂ ಇಲ್ರಿ, ಹೋಗ್ರಿ" ಎಂದು ಬಂದ ಗಿರಾಕಿಯನ್ನು ವಾಪಸ್ ಕಳಿಸುತ್ತಿದ್ದ. ವಾಸ್ಕೋದಲ್ಲಿ ಇವನಿಗಿಂತ ದೊಡ್ಡ ಗ್ಯಾರೇಜುಗಳಿದ್ದವು, ಎಸಿ ಹಾಕಿದ ವೇಟಿಂಗ್ ರೂಮುಗಳಿದ್ದವು. ಆದರೂ ಆಫೀಸಿನ ಅರ್ಧ ಮಂದಿ ಬಾಯ್ನಾದ ಮರಳಿನಲ್ಲಿ ಟೈರು ಹುಗಿಸಿಕೊಂಡು ಇವನ ಹತ್ತಿರವೇ ಹೋಗುತ್ತಿದ್ದರು. ಯಮನಪ್ಪ ಇಂಜಿನ್ನಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂಬ ಒಂದು ಮಾತಿಗಾಗಿ. ಆ ಮನುಷ್ಯನ ಆಸ್ತಿ ಎಂದರೆ ಒಂದು ಪಾನಾ ಸೆಟ್ಟು, ಒಂದು ಜ್ಯಾಕು, ಮತ್ತು ಆ ಮಾತು.

ಆ ಮಳೆಗಾಲದಲ್ಲಿ ಇಲಿಗಳು ಮದರ್ ಸುಪೀರಿಯರ್ ಬಾನೆಟ್ಟಿನೊಳಗೆ ಸಂಸಾರ ಹೂಡಿ ಎರಡು ವೈರು ಕಡಿದಿದ್ದವು. ಯಮನಪ್ಪ ಗುಡ್ಡ ಹತ್ತಿ ಬಂದು ವೈರು ಸರಿಮಾಡಿ, "ಔಷಧ ಹಾಕ್ರಿ ಸಾಹೇಬ್ರ, ಇಲ್ಲಾಂದ್ರ ಮತ್ತ ಬರ್ತಾವ" ಎಂದು ಹೇಳಿಹೋಗಿದ್ದ. ಎರಡು ದಿನ ಬಿಟ್ಟು ವಿಚಾರಿಸಿಕೊಂಡು ಹೋಗಲು ಬಂದ. ಇವರು ಬಚ್ಚಲುಮನೆಯಲ್ಲಿದ್ದರು. ಮಾತುಕತೆ ಬಚ್ಚಲಿನ ಕಿಟಕಿಯಿಂದ ಅಂಗಳಕ್ಕೆ, ಅಂಗಳದಿಂದ ಬಚ್ಚಲಿಗೆ ನಡೆಯಿತು. ನಾನು ಅಡುಗೆಮನೆಯಲ್ಲಿ ಭಕ್ಕರಿ ಬಡಿಯುತ್ತ ಕೇಳುತ್ತಿದ್ದೆ.

"ಸಾಹೇಬ್ರ, ಔಷಧ ಹಾಕಿದ್ರೇನ್ರಿ?"

"ಹಾಕೇನಪಾ, ನಿನ್ನೇನ ಹಾಕೇನಿ!"

"ಬಾನೆಟ್ ಒಳಗ ಹಾಕೀರೇನ್ರಿ?"

"ಬಾನೆಟ್ಟಿನ್ಯಾಗ ಯಾಕೋ? ಟ್ಯಾಂಕಿನ್ಯಾಗ ಹಾಕೇನಿ. ಪೂರಾ ಬಾಟ್ಲಿ!"

ಅಂಗಳದಲ್ಲಿ ಪಾನಾ ಕೆಳಗೆ ಬಿದ್ದ ಸದ್ದಾಯಿತು.

"ಟ್ಯಾಂಕಿನ್ಯಾಗ್ರಿ?"

"ಹೌದಪಾ, ಅಲ್ಲೇ ಹಾಕಬೇಕಂತ ಬರದಾರ!"

ಯಮನಪ್ಪ ಮೆಲ್ಲಗೆ ಅಡುಗೆಮನೆಯ ಕಿಟಕಿಗೆ ಬಂದ. ಮುಖ ಸಣ್ಣದಾಗಿತ್ತು. "ಬಾಯಾರ, ಸಾಹೇಬ್ರ ತಬ್ಯೇತ ಚಲೋ ಐತೇನ್ರಿ?"

"ಚಲೋ ಅದ. ಯಾಕಪಾ?"

"ಆಫೀಸಿನ್ಯಾಗ ಏನರ ತ್ರಾಸ ಐತೇನ್ರಿ? ನಿದ್ದಿ ಗಿದ್ದಿ ಮಾಡ್ತಾರಿಲ್ರಿ?"

"ಗೊರಕಿ ಹೊಡೀತಾರ," ಎಂದೆ ನಾನು, ಭಕ್ಕರಿ ಸುಡುತ್ತಿತ್ತು.

ಇವರು ಟವೆಲ್ ಸುತ್ತಿಕೊಂಡು ಹೊರಗೆ ಬರುವ ಹೊತ್ತಿಗೆ ಯಮನಪ್ಪ ಕಾರಿನ ಕೆಳಗೆ ಅಂಗಾತ ಮಲಗಿದ್ದ. ಪಕ್ಕದಲ್ಲಿ ನನ್ನ ಬಟ್ಟೆ ಒಗೆಯುವ ಎರಡು ಬಕೆಟುಗಳಲ್ಲಿ ಟ್ಯಾಂಕಿನ ಅಷ್ಟೂ ಪೆಟ್ರೋಲು. ನಾನು ಒಮ್ಮೆ ಕಿರುಚಿ ಗ್ಯಾಸ್ ಆರಿಸಲು ಓಡಿದೆ. ಇವರು ಕಿರುಚಿದ್ದು ಬೇರೆ ಕಾರಣಕ್ಕೆ.

"ಅಯ್ಯೋ ನನ್ನ ಕ್ಲೀನರ್!"

ಎಲ್ಲ ಬಿಡಿಸಿ ಹೇಳಿದ ಮೇಲೆ ಯಮನಪ್ಪ ಕಾರಿನ ಕೆಳಗಿನಿಂದಲೇ ಅಂದ: "ನಮ್ಮ ಕಡೆ ಔಷಧ ಅಂದ್ರ ಒಂದ ಅರ್ಥ್ರಿ ಸಾಹೇಬ್ರ. ಹೊಲಕ್ಕ ಹೊಡಿಯೂದು, ಇಲ್ಲಾ ಇಲಿಗಿ ಇಡೂದು."

"ಮತ್ತ ಮನಷ್ಯಾರು ತಗೊಳ್ಳೂದಕ್ಕ ಏನಂತೀರೋ?"

"ಗುಳಿಗಿ ಅಂತೇವ್ರಿ."

ಪೆಟ್ರೋಲನ್ನು ನನ್ನ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಸೋಸಿ, ನನ್ನ ಅಡುಗೆಮನೆಯ ಆಲಿಕೆಯಿಂದ ಮತ್ತೆ ಟ್ಯಾಂಕಿಗೆ ಸುರಿದರು. ಆ ಆಲಿಕೆ ಇದೇ. ಅಂದಿನಿಂದ ಅದು ಅಡುಗೆಗೆ ಬಾರದೆ, ಇವರ ಅಮಾವಾಸ್ಯೆಯ ವ್ರತಕ್ಕೆ ಮೀಸಲಾಯಿತು.

ಅಮಾವಾಸ್ಯೆ ಎಂದೆನಲ್ಲ. ನಮ್ಮ ಕಡೆ ಗಾಡಿಗಳಿಗೆ ಅಮಾವಾಸ್ಯೆಗೊಮ್ಮೆ ಪೂಜೆ. ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಒಂದು ಸಲ ಮುಂದಕ್ಕೆ ಓಡಿಸುವುದು. ಯಮನಪ್ಪನಿಗೆ ಇದು ತಪ್ಪಬಾರದು. ತಾನು ರಿಪೇರಿ ಮಾಡುವ ಗಾಡಿಗಳಿಗೆಲ್ಲ ತಾನೇ ನಿಂಬೆಹಣ್ಣು ತರುತ್ತಿದ್ದ. ಇವರಿಗೆ ನಿಂಬೆಹಣ್ಣಿನ ಮೇಲೆ ನಂಬಿಕೆಯಿಲ್ಲ. ಆದರೆ ತಿಂಗಳಿಗೊಮ್ಮೆ ಬಾಟಲಿ ಹಾಕಬೇಕೆಂದು ಲೇಬಲ್ಲಿನ ಮೇಲೆ ಬರೆದಿತ್ತಲ್ಲ, ನೆನಪಿಗೆ ಇರಲಿ ಎಂದು ಅದೇ ದಿನವನ್ನು ಹಿಡಿದರು. ಹಾಗಾಗಿ ಪ್ರತಿ ಅಮಾವಾಸ್ಯೆ ನಮ್ಮ ಅಂಗಳದಲ್ಲಿ ಎರಡು ಪಂಥಗಳ ವಾದ.

"ಅಲ್ಲೋ ಯಮನಪ್ಪ, ಕಾರಿಗೆ ನಿಂಬೀಹಣ್ಣಿನಿಂದ ಏನಾಗ್ತದೋ? ಉಪ್ಪಿನಕಾಯಿ ಹಾಕ್ತೀಯೇನು?"

"ನಂದು ನಿಂಬೀಹಣ್ಣ ಗಾಲಿ ಕೆಳಗ ಇರ್ತೈತ್ರಿ ಸಾಹೇಬ್ರ. ಇಂಜಿನ್ ಒಳಗ ಹೋಗೂದಿಲ್ಲ. ನಿಮ್ಮ ಬಾಟ್ಲಿ ಒಳಗ ಹೋಗ್ತೈತಿ."

"ಇದು ಸೈನ್ಸು!"

"ಆಗ್ಲಿ ಬಿಡ್ರಿ. ಸೈನ್ಸಿಗೂ ಒಂದ್ ಊದಿನಕಡ್ಡಿ ಹಚ್ಚತೇನಿ," ಎಂದು ಯಮನಪ್ಪ ಖಾಲಿ ಬಾಟಲಿಯ ಮುಂದೆ ಊದಿನಕಡ್ಡಿ ಬೆಳಗಿ ಕೈಮುಗಿಯುತ್ತಿದ್ದ.

ನಾನು ಚಹಾ ಹಿಡಿದು ಮೆಟ್ಟಿಲ ಮೇಲೆ ನಿಂತು ಯಾರ ಪಕ್ಷವೂ ಅಲ್ಲದವಳಂತೆ ನೋಡುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತವಳು ನೋಡಿ, ನಾನು ಇವೆಲ್ಲಕ್ಕಿಂತ ಮೇಲೆ. ಕಾರು ಕೈಕೊಟ್ಟಾಗ ಮಾತ್ರ ಕನ್ನಡಿಯ ಜಪಸರವನ್ನು ಒಮ್ಮೆ ಮುಟ್ಟುತ್ತಿದ್ದೆ. ಇವರು ನೋಡದಿದ್ದಾಗ.

ಈಗ ಒಂದು ತಪ್ಪೊಪ್ಪಿಗೆ. ಒಂದು ಅಮಾವಾಸ್ಯೆ ಇವರಿಗೆ ಬೆಳಗ್ಗೆಯೇ ಆಫೀಸಿನಿಂದ ಜೀಪು ಬಂತು, ಯಾವುದೋ ಹಡಗಿನ ಅವಸರ. ಹೋಗುವಾಗ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ನೀನ ಹಾಕಿಬಿಡು, ಪಮೀ. ಮಧ್ಯಾಹ್ನ ಮಡಗಾಂವಕ್ಕ ಹೋಗೂದದ," ಎಂದರು. ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದವಳು ಅದನ್ನು ಹಾಗೆಯೇ ದೇವರ ಕಪಾಟಿನಲ್ಲಿ ಗಂಗಾಜಲದ ತಂಬಿಗೆಯ ಹಿಂದೆ ಇಟ್ಟೆ. ಇಟ್ಟದ್ದು ಇಟ್ಟ ಹಾಗೆ ಮರೆತುಹೋಯಿತು. ಮಧ್ಯಾಹ್ನ ಇಬ್ಬರೂ ಮಡಗಾಂವಕ್ಕೆ ಹೋಗಿ ಸಂಜೆ ಬಂದೆವು. ಬರುವಾಗ ಇವರು ಸ್ಟಿಯರಿಂಗನ್ನು ಸವರುತ್ತ ಅಂದರು:

"ಈ ಸಲದ ಬಾಟ್ಲಿ ನೋಡು, ಏನ್ ಕೆಲಸ ಮಾಡೇದ! ರೇಶ್ಮಿ ಸೀರಿ ಮ್ಯಾಲ ಕೈ ಆಡಿಸಿದ್ಹಂಗ ಹೊಂಟದ ಗಾಡಿ. ಸದ್ದರ ಅದ ಏನು?"

ಸದ್ದು ಇರಲಿಲ್ಲ, ನಿಜ. ಹಿಂದಿನ ವಾರ ಯಮನಪ್ಪ ಇಂಜಿನ್ನಿನ ಟೈಮಿಂಗ್ ಸರಿಮಾಡಿ ಆ ಸದ್ದು ನಿಲ್ಲಿಸಿದ್ದ. ನನಗೆ ಆಗ ತಂಬಿಗೆಯ ಹಿಂದಿನ ಬಾಟಲಿ ನೆನಪಾಯಿತು. ಬಾಯಿ ತೆರೆದೆ. ಇವರ ಮುಖದ ಮೇಲಿನ ಸಂತೋಷ ನೋಡಿದೆ. ಮುಚ್ಚಿದೆ. ಹಿಂದೊಮ್ಮೆ ವಿಸಿಟಿಂಗ್ ಡೇಯಲ್ಲೂ ಹೀಗೆಯೇ ಮುಚ್ಚಿದ್ದೆ. ಪ್ರಾಕ್ಟೀಸ್ ಇತ್ತು.

ಯಾರಿಗಾದರೂ ಹೇಳದೆ ಇರಲಾಗದೆ ಯಮನಪ್ಪನಿಗೆ ಹೇಳಿದೆ. ಅವನು ನಕ್ಕು ನಕ್ಕು ಟೈರಿನ ಮೇಲೆ ಕುಳಿತುಬಿಟ್ಟ. ಕಣ್ಣೊರೆಸಿಕೊಂಡ ಮೇಲೆ, "ಹೇಳಬ್ಯಾಡ್ರಿ ಬಾಯಾರ. ಸಾಹೇಬ್ರ ಮನಸಿಗಿ ಬ್ಯಾಸರಾಗ್ತೈತಿ," ಎಂದ.

"ಖರೇ ಹೇಳು. ಆ ಬಾಟ್ಲಿಯಿಂದ ಏನೂ ಆಗೂದೇ ಇಲ್ಲೇನು?"

ಹ್ಞೂಂ ಅಂದುಬಿಟ್ಟಿದ್ದರೆ ವಾದದಲ್ಲಿ ಅವನೇ ಗೆದ್ದಂತಾಗುತ್ತಿತ್ತು. ಆದರೆ ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದ: "ಏನೂ ಆಗೂದಿಲ್ಲ ಅನ್ನಾಕ ಬರೂದಿಲ್ರಿ. ಈಗ ಹೊಸಾ ಗಾಡಿ ಬಂದಾವಲ್ರಿ, ಇಂಜೆಕ್ಟರ್ ಇದ್ದವು, ಅವುಕ್ಕ ಒಳಗ ಹೊಲಸ ಕುಂತಿದ್ರ ಚಲೋ ಬಾಟ್ಲಿ ಇದ್ರ ತಗೀತಾವಂತ್ರಿ. ನಾ ಬಿಚ್ಚಿ ನೋಡಿಲ್ಲ, ಅದಕ್ಕ ಹೌದನ್ನೂದಿಲ್ಲ, ಅಲ್ಲನ್ನೂದಿಲ್ಲ. ನಿಮ್ಮ ಗಾಡೀದು ಕಾರ್ಬುರೇಟರ್. ವರ್ಷಕ್ಕೊಮ್ಮಿ ಬಿಚ್ಚಿ ಬ್ರಶ್‌ಲೆ ತೊಳದ್ರ ಮುಗೀತು. ತಿಂಗಳಾ ಹಾಕೂದು ಸುಮ್ಮನ್ರಿ."

ಇಷ್ಟೇ ಉತ್ತರ. ಆಮೇಲೆ ಎಷ್ಟೋ ಜನ ಎಂಜಿನಿಯರುಗಳು, ನಮ್ಮ ಅಳಿಯನೂ ಸೇರಿ, ನನಗೆ ಈ ವಿಷಯವನ್ನು ವಿವರಿಸಿದ್ದಾರೆ. ಯಮನಪ್ಪ ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ತಿಳಿದದ್ದಿಲ್ಲ.

ಆ ಬಾಟಲಿಯ ಗತಿ ಏನಾಯಿತು ಎಂದರೆ, ನಾನು ಅದನ್ನು ತೆಗೆಯಲೂ ಮರೆತೆ. ಚೌತಿಗೆ ಕಪಾಟು ತೊಳೆಯಲು ಕುಳಿತದ್ದು ಇವರು. ನಾನು ಒಳಗೆ ಕಡುಬಿನ ಹೂರಣ ತಿರುಗಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ ದೇವರುಗಳೆಲ್ಲ ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದಾರೆ, ಕೃಷ್ಣನ ಪಕ್ಕದಲ್ಲಿ ಬಾಟಲಿ. ಸೀಲ್ ಒಡೆದಿಲ್ಲ. ಇವರು ಚಾಳೀಸು ಹಾಕಿಕೊಂಡು ಲೇಬಲ್ ಓದುತ್ತಿದ್ದಾರೆ. ನಾನು ಬಾಗಿಲಲ್ಲೇ ನಿಂತೆ. ಇವರು ಓದಿ ಮುಗಿಸಿದರು, ನನ್ನನ್ನು ನೋಡಿದರು, "ಹೂರಣ ತಳ ಹತ್ತೀತು" ಎಂದರು. ಇಷ್ಟೇ. ಮುಂದಿನ ಅಮಾವಾಸ್ಯೆಗೆ ಬಾಟಲಿ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಇಬ್ಬರೂ ಈ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ನಮ್ಮ ಮದುವೆ ಇಷ್ಟು ವರ್ಷ ನಡೆದದ್ದು ಹೀಗೆಯೇ ಎಂದು ನನಗೆ ಆಗಾಗ ಅನ್ನಿಸುತ್ತದೆ. ಯಮನಪ್ಪನೂ ಗೆದ್ದೆನೆಂದು ಹಾರಾಡಲಿಲ್ಲ. ಒಂದು ಸಲ ಮಾತ್ರ, "ಬಾಟ್ಲಿ ಎಲ್ಲೈತ್ರಿ ಸಾಹೇಬ್ರ, ಊದಿನಕಡ್ಡಿ ಹಚ್ಚಬೇಕಾಗೇತಿ," ಎಂದು ಕೇಳಿ ಬೈಸಿಕೊಂಡ.

ಆಮೇಲೆ ಎರಡು ಸಾವಿರದ ನಾಲ್ಕು. ಸರಕಾರದವರು ಬಾಯ್ನಾದ ವಸ್ತಿಯನ್ನು ಕೆಡವಿದರು. ನಾನು ಅದನ್ನು ಕಣ್ಣಿಂದ ನೋಡಲಿಲ್ಲ. ಗುಡ್ಡದ ಮೇಲೆ ನಮಗೆ ಮಳೆಯ ಸದ್ದು, ಅದರೊಳಗೆ ಜೆಸಿಬಿಯ ಸದ್ದು ಕೇಳಿತು. ಸಂಜೆ ಯಮನಪ್ಪ ಬಂದ. ತಲೆಯ ಮೇಲೆ ಪಾನಾಗಳ ಪೆಟ್ಟಿಗೆ, ಅದರ ಮೇಲೆ ಮಡಚಿದ ತಾಡಪಾಲು. ಮೈಯೆಲ್ಲ ತೊಯ್ದಿತ್ತು, ಪೆಟ್ಟಿಗೆ ತೊಯ್ದಿರಲಿಲ್ಲ.

"ಇದನ್ನ ಮದರ್ ಬಾಜೂಕ ಇಡಾಕ ಜಾಗಾ ಕೊಡ್ರಿ ಬಾಯಾರ. ನಮಗ ಎಲ್ಲರ ಆಗತೈತಿ. ಇದಕ್ಕ ಜಂಗ ಹಿಡೀಬಾರ್ದು."

ಹೆಂಡತಿ, ಮಗಳನ್ನು ಉಸಗಾಂವದಲ್ಲಿ ಗಣಿಯ ಕಡೆ ಕೆಲಸಕ್ಕಿದ್ದ ತಮ್ಮನ ಮನೆಗೆ ಕಳಿಸಿದ್ದ. ನಾನು ಊಟಕ್ಕೆ ಏಳು ಎಂದೆ. ಕುಳಿತ, ಎರಡು ತುತ್ತು ತಿಂದ. ಮಗಳ ಪಾಟೀಚೀಲ ಮಾತ್ರ ಸಿಗಲಿಲ್ಲ ಎಂದ. ಇವರು ಏನೇನೋ ಮಾತಾಡಿಸಲು ನೋಡಿ, ಕೊನೆಗೆ, "ಗಾಡಿ ಯಾಕೋ ಸ್ವಲ್ಪ ಜಗ್ಗತದ ನೋಡೋ" ಎಂದರು. ಕಾರಿಗೆ ಏನೂ ಆಗಿರಲಿಲ್ಲ. ಯಮನಪ್ಪ ಹೋಗಿ ಬಾನೆಟ್ ತೆರೆದು, ಸ್ಕ್ರೂಡ್ರೈವರ್ ಕಿವಿಗಿಟ್ಟು ಬಹಳ ಹೊತ್ತು ಕೇಳಿದ. "ಏನೂ ಇಲ್ರಿ ಸಾಹೇಬ್ರ. ಸುಮ್ನ ಹೇಳಾಕತ್ತೀರಿ," ಎಂದ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಪೆಟ್ಟಿಗೆ ನಮ್ಮಲ್ಲಿ ಆರೇಳು ತಿಂಗಳಿತ್ತು. ಆಮೇಲೆ ಬಂದು ತೆಗೆದುಕೊಂಡು ಹೋದ. ಇವರು ನಿವೃತ್ತರಾದ ಮೇಲೆ ನಾವು ಪೋಂಡಾದಲ್ಲಿ ಫ್ಲ್ಯಾಟ್ ಹಿಡಿದೆವು. ಮದರ್ ಸುಪೀರಿಯರ್ ಕೂಡ ನಮ್ಮ ಜೊತೆಗೇ ಬಂದಳು. ಯಮನಪ್ಪ ಉಸಗಾಂವದ ಕಡೆ ಎಲ್ಲೋ ಕೆಲಸಕ್ಕಿದ್ದಾನೆಂದು ಸುದ್ದಿ. ಹುಡುಕೋಣ ಎಂದು ಇವರು, ಹೌದು ಹುಡುಕೋಣ ಎಂದು ನಾನು. ಮೂರು ನಾಲ್ಕು ವರ್ಷ ಹಾಗೆಯೇ ಹೋಯಿತು. ಎಂಟು ಹತ್ತು ಕಿಲೋಮೀಟರ್ ದೂರದಲ್ಲಿರುವವರನ್ನೇ ಮನುಷ್ಯ ಹೀಗೆ ಬಿಟ್ಟುಬಿಡುತ್ತಾನೆ, ಇಸಂಟ್ ಇಟ್?

ಕೊನೆಗೆ ಸಿಕ್ಕಿದ್ದು ನಾವು ಹುಡುಕಿದ್ದರಿಂದಲ್ಲ. ಯಾರದೋ ಮನೆಯ ಗೃಹಪ್ರವೇಶಕ್ಕೆ ಉಸಗಾಂವದ ಕಡೆ ಹೋಗಿದ್ದೆವು. ಮಧ್ಯಾಹ್ನ ವಾಪಸ್ ಬರುವಾಗ ಪೆಟ್ರೋಲ್ ಪಂಪಿಗೆ ತಿರುಗಿಸಿದರು. ಅದಿರಿನ ಲಾರಿಗಳು ಒಂದರ ಹಿಂದೊಂದು ಡೀಸೆಲ್ಲಿಗೆ ನಿಂತಿದ್ದವು. ಹಳದಿ ಶರ್ಟು, ಹಳದಿ ಟೋಪಿ ಹಾಕಿದ ಒಬ್ಬ ಮನುಷ್ಯ ಕೈಯಲ್ಲಿ ಬಾಟಲಿ ಹಿಡಿದು ಕಿಟಕಿಗೆ ಬಾಗಿದ.

"ಸರ್, ಇಂಜಿನ್ ಕ್ಲೀನರ್ ಡಾಲ್ ದೂಂ? ಮೈಲೇಜ್ ಬಢೇಗಾ, ಪಿಕಪ್ ಬಢೇಗಾ..."

ಮಾತು ಅಲ್ಲಿಯೇ ನಿಂತಿತು. ಅವನು ನೋಡಿದ್ದು ಇವರನ್ನಲ್ಲ, ಜಪಸರದ ಕೆಳಗೆ ಗಣಪತಿ ಅಂಟಿಸಿದ್ದ ಡ್ಯಾಶ್‌ಬೋರ್ಡನ್ನು.

"ಅಯ್ಯ! ಮದರ್!"

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವರು ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ತೋಳು ಹಿಡಿದುಕೊಂಡರು. ಮಗಳು ಹತ್ತನೆಯ ಇಯತ್ತೆ, ಚಲೋ ಓದುತ್ತಾಳೆ. ಗ್ಯಾರೇಜು ಹಾಕಲು ಜಾಗ ಸಿಗಲಿಲ್ಲ. ಇಲ್ಲಿ ಗಾಳಿ ತುಂಬುವುದು, ಟೈರು ನೋಡುವುದು ಎಂದು ಸೇರಿಸಿಕೊಂಡರು. ಈಗ ಎರಡು ತಿಂಗಳಿಂದ ಬಾಟಲಿಯನ್ನೂ ಮಾರಬೇಕು. ಮಾರದವರನ್ನು ಈ ತಿಂಗಳ ಕೊನೆಗೆ ಬಿಡಿಸುತ್ತಾರೆ. ಇಷ್ಟನ್ನು ಅವನು ಒಂದೇ ಉಸಿರಿನಲ್ಲಿ ಹೇಳುವಷ್ಟರಲ್ಲಿ ಕೊಠಡಿಯಿಂದ ಸೂಪರ್‌ವೈಸರ್ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಕೊಂಕಣಿಯ ಮನುಷ್ಯ, ಕನ್ನಡ ಬಾರದವನು.

"ಸಾಂಗ್ಲೆಂ ಮೂ ರೆ ತಾಂಕಾ?" ಎಂದು ಕೇಳಿದ, ಅವರಿಗೆ ಹೇಳಿದೆಯೇನೋ ಎಂದು.

"ಸಾಂಗ್ತಾಂ ಸರ್!"

ಯಮನಪ್ಪ ಬಾಟಲಿಯನ್ನು ಇವರ ಮುಖದ ಮುಂದೆ ಹಿಡಿದ. ಲೇಬಲ್ಲಿನ ಮೇಲೆ ಬೆರಳಾಡಿಸುತ್ತ, ಮುಖದ ತುಂಬ ಅಂಗಡಿಯವರ ನಗೆ ತಂದುಕೊಂಡು, ಮಾರುವವರ ಅದೇ ರಾಗದಲ್ಲಿ, ನಮ್ಮ ಕನ್ನಡದಲ್ಲಿ ಹೇಳಿದ:

"ಸಾಹೇಬ್ರ, ಇದನ್ನ ತಗೋಬ್ಯಾಡ್ರಿ. ನಿಮ್ಮ ಗಾಡಿಗಿ ಇದು ಏನೂ ಉಪಯೋಗಿಲ್ಲ. ಹ್ಞೂಂ ಹ್ಞೂಂ ಅಂತ ಗೋಣ ಹಾಕ್ರಿ, ಅಂವ ನೋಡಾಕತ್ತಾನ."

ಇವರು ಗೋಣು ಹಾಕಿದರು. ಸೂಪರ್‌ವೈಸರ್ ದೂರದಿಂದ ತೃಪ್ತಿಯಿಂದ ನೋಡುತ್ತಿದ್ದ.

"ದಿನಾ ಎಷ್ಟ್ ಮಾರಬೇಕೋ?"

"ಐದ್ರಿ."

"ಇವತ್ತ ಎಷ್ಟಾಗ್ಯಾವ?"

"ಒಂದೂ ಇಲ್ರಿ. ಲಾರಿಯವರೆಲ್ಲಾ ನಮ್ಮ ಕಡೆಯವರ್ರಿ. ಅವರಿಗಿ ಹೆಂಗ ಹೇಳಬೇಕ್ರಿ?"

"ನಿನ್ನೆ?"

ಯಮನಪ್ಪ ನಕ್ಕ.

"ಐದೂ ಹಾಕು," ಎಂದರು ಇವರು.

ಅವನಿಗೆ ಗಾಬರಿಯಾಯಿತು. ನಗೆ ಮುಖದ ಮೇಲೆಯೇ ಇತ್ತು, ದನಿ ಮಾತ್ರ ಹಳೆಯ ಗ್ಯಾರೇಜಿನ ದನಿ: "ತಲಿ ಕೆಟ್ಟೈತೇನ್ರಿ ಸಾಹೇಬ್ರ? ಐದು ಹಾಕಿದ್ರ ಮನಿ ಮುಟ್ಟೂದಿಲ್ಲ ಗಾಡಿ!"

"ಒಂದು ಹಾಕು. ನಾಲ್ಕು ಒಳಗಿಡು."

"ಒಂದೂ ಹಾಕೂದಿಲ್ರಿ ನಾ. ನಿಮಗ ಗೊತ್ತಿದ್ದ, ನನಗ ಗೊತ್ತಿದ್ದ..."

ಸೂಪರ್‌ವೈಸರ್ ಈಗ ನಮ್ಮ ಕಡೆಗೇ ನಡೆದು ಬರುತ್ತಿದ್ದ. ಯಮನಪ್ಪನ ಕೈ ಬಾಟಲಿಯ ಮುಚ್ಚಳದ ಮೇಲಿತ್ತು, ತಿರುಗುತ್ತಿರಲಿಲ್ಲ. ನಾನು ಹಿಂದೆ ಮುಂದೆ ನೋಡದೆ, ಬೋರ್ಡಿಂಗಿನ ಕಾಲದ ಇಂಗ್ಲಿಷಿನಲ್ಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ವೆರಿ ಗುಡ್ ಸರ್ವಿಸ್! ಯುವರ್ ಮ್ಯಾನ್ ಎಕ್ಸ್‌ಪ್ಲೇನ್ಸ್ ವೆರಿ ವೆಲ್!" ಎಂದು ಕೂಗಿದೆ. ಸೂಪರ್‌ವೈಸರ್ ನಿಂತು, ನಕ್ಕು, "ಥ್ಯಾಂಕ್ಯೂ ಮೇಡಮ್" ಎಂದ. ಅಷ್ಟರಲ್ಲಿ ಇವರು ಕೆಳಗಿಳಿದಿದ್ದರು. ಯಮನಪ್ಪನ ಕೈಯಿಂದ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡು, ತಾವೇ ಸೀಲ್ ಒಡೆದು, ತಾವೇ ಟ್ಯಾಂಕಿಗೆ ಸುರಿದರು. ಯಮನಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ.

"ನಾ ಹಾಕೇನಿ," ಎಂದರು ಇವರು. "ನೀ ಹಾಕಿಲ್ಲ. ಆತಿಲ್ಲೋ?"

ಯಮನಪ್ಪ ಏನೋ ಹೇಳಲು ಹೋದ, ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಉಳಿದ ನಾಲ್ಕು ಬಾಟಲಿಗಳನ್ನು ತಂದು ನನ್ನ ತೊಡೆಯ ಮೇಲಿಟ್ಟ. "ಬರ್ತೀರಿಲ್ರಿ ಬಾಯಾರ ಮತ್ತ?" ಎಂದ. ಬರ್ತೇವಿ, ಬರಲಾರದೆ ಏನು ಎಂದೆ. ಮಗಳನ್ನು ಕರೆದುಕೊಂಡು ಮನೆಗೆ ಬಾ ಎಂದೆ. ವಿಳಾಸ ಬರೆದುಕೊಡಲು ಪೆನ್ನು ಹುಡುಕುತ್ತಿರುವಾಗ ಲಾರಿ ಇನ್ನೊಂದು ಸಲ ಹಾರ್ನ್ ಹೊಡೆಯಿತು, ಇವರು ಗಾಡಿ ತೆಗೆದರು. ತಿಂಗಳ ಕೊನೆಗೆ ಹೋದಾಗ ಹಳದಿ ಶರ್ಟಿನಲ್ಲಿ ಬೇರೆ ಯಾರೋ ಇದ್ದರು.

ಆ ದಿನ ಪಂಪಿನ ಬಾಯಿಯಲ್ಲಿ ರಸ್ತೆಗೆ ದಾರಿ ಸಿಗುವವರೆಗೆ ನಿಲ್ಲಬೇಕಾಯಿತು. ನಾನು ಹಿಂದೆ ತಿರುಗಿ ಗಾಜಿನಿಂದ ನೋಡಿದೆ. ಯಮನಪ್ಪ ಆಗಲೇ ಆ ಲಾರಿಯ ಬಾಗಿಲ ಮೆಟ್ಟಿಲು ಹತ್ತಿ ನಿಂತಿದ್ದ. ಕೈಯಲ್ಲಿ ಡೀಸೆಲ್ ಗಾಡಿಗೆ ಹಾಕುವ ಕ್ಲೀನರಿನ ದೊಡ್ಡ ಬಾಟಲಿ, ಬೆರಳು ಲೇಬಲ್ಲಿನ ಮೇಲೆ, ಮುಖದ ತುಂಬ ನಗೆ, ಬಾಯಿ ಪಟಪಟನೆ ಆಡುತ್ತಿತ್ತು. ಹಿಂದೆ ಸೂಪರ್‌ವೈಸರ್ ತಲೆದೂಗುತ್ತಿದ್ದ. ಡ್ರೈವರ್ ಎಲ್ಲವನ್ನೂ ಗಮನವಿಟ್ಟು ಕೇಳಿದ. ಆಮೇಲೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.